ಎಡಕ್ಕೆ ಎಳೆಯುವ ಬಂದೂಕು

ವೆಂಡೆಲಿನ್ ಕೌಡೆಲಾ ಯಾವೊರ್ಕಾ ಊರಿನ ಸ್ಟೇಷನ್ ಮಾಸ್ತರ, ಆ ಊರಿನ ಬೇಟೆಗಾರರ ಸಂಘದ ಮೂವತ್ತು ವರ್ಷದ ಸದಸ್ಯ. ಈ ಮೂವತ್ತು ವರ್ಷದಲ್ಲಿ ಅವನ ಗುಂಡಿನಿಂದ ಮೊರಾವಿಯಾದ ಕಾಡಿನ ಯಾವ ಪ್ರಾಣಿಯದೂ ಒಂದು ಕೂದಲು ಕೊಂಕಿರಲಿಲ್ಲ. ಇದಕ್ಕೆ ಅಹಿಂಸೆ ಎಂದು ಹೆಸರಿಡಬಹುದಿತ್ತು. ಆದರೆ ಪ್ರತಿ ಸಲವೂ ಅವನು ಕೊಲ್ಲಲೆಂದೇ ಮನೆಯಿಂದ ಹೊರಡುತ್ತಿದ್ದುದರಿಂದ ಆ ಪುಣ್ಯವೂ ಅವನ ಪಾಲಿಗೆ ಬರುವಂತಿರಲಿಲ್ಲ.

ತಪ್ಪೆಲ್ಲ ಕೋವಿಯದು. ಹಾಗೆಂದು ಅವನೇ ಹೇಳುತ್ತಿದ್ದ. ಅದು ತಾತನ ಕಾಲದ ಕೋವಿ, ತಾತನೇ ನಳಿಗೆ ತಿದ್ದಿ, ಹಿಡಿ ಕೆತ್ತಿ ಜೋಡಿಸಿದ್ದು. ಬೇಟೆಯಿಂದ ಬರಿಗೈಯಲ್ಲಿ ಬಂದು, ಒಲೆಯ ಪಕ್ಕ ಕುಳಿತು ಬೂಟು ಬಿಚ್ಚುತ್ತಾ, ವೆಂಡೆಲಿನ್ ಮೊದಲು ಕೋವಿಯನ್ನೂ ಆಮೇಲೆ ತಾತನನ್ನೂ ಬೈಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಯಾವೊರ್ಕಾದಲ್ಲಿ ಇರಲಿಲ್ಲ, ಆದ್ದರಿಂದ ಅವನ ಮರ್ಯಾದೆ ಅಷ್ಟು ವರ್ಷ ಉಳಿದಿತ್ತು.

ನಿಜ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಟ್ರಿಗರ್ ಒತ್ತುವ ಹೊತ್ತಿಗೆ ಸರಿಯಾಗಿ ಅವನ ಎರಡೂ ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಎಷ್ಟು ಗದರಿದರೂ ಅವು ಮಾತು ಕೇಳುತ್ತಿರಲಿಲ್ಲ. ಇದು ಸಂಘಕ್ಕೆ ತಿಳಿದರೆ ಊರು ನಗುತ್ತದೆ, ಅದನ್ನು ಹೇಗೋ ಸಹಿಸಬಹುದು. ಹೆಂಡತಿ ಅಪೊಲೆನಾಗೆ ತಿಳಿದರೆ, ಮೂವತ್ತು ವರ್ಷ ಒಲೆಯ ಮುಂದೆ ಕುಳಿತು ಹೇಳಿದ್ದೆಲ್ಲ ಸುಳ್ಳೆಂದು ಆಗುತ್ತದೆ. ಅದನ್ನು ನೆನೆದಾಗಲೆಲ್ಲ ಅವನು ತಾತನಿಗೆ ಇನ್ನೆರಡು ಬೈಗುಳ ಸೇರಿಸುತ್ತಿದ್ದ.

ಹೀಗಿರುವಾಗ ಅವನ ಅರವತ್ತನೆಯ ಹುಟ್ಟುಹಬ್ಬ ಬಂತು. ಅಪೊಲೆನಾ ಹೆಬ್ಬಾತುಗಳ ಪುಕ್ಕ ಮಾರಿ ಕೂಡಿಟ್ಟ ದುಡ್ಡನ್ನೆಲ್ಲ ಸುರಿದು, ಕಾರ್ಖಾನೆಯಲ್ಲಿ ತಯಾರಾದ ಹೊಚ್ಚಹೊಸ ಬೇಟೆ ಬಂದೂಕು ತರಿಸಿ ಮೇಜಿನ ಮೇಲಿಟ್ಟಳು.

"ತಗೋ. ಇದು ಯಂತ್ರ ಮಾಡಿದ್ದು," ಎಂದಳು. "ಇನ್ನಾದ್ರೂ ತಾತನ್ನ ಬಿಟ್ಟುಬಿಡು."

ವೆಂಡೆಲಿನ್ ಮುಖ ಬಿಳಿಚಿತು. ಪಾಪ, ಸಂತೋಷ ತಡೆಯಲಾಗಲಿಲ್ಲ ಎಂದು ಬಂದ ನೆಂಟರು ಅವನಿಗೆ ಪ್ಲಮ್ ಸಾರಾಯಿ ಕುಡಿಸಿದರು.

ಇಂಥ ಪ್ರತಿ ಬಂದೂಕಿನ ಜೊತೆಗೂ ಕಾರ್ಖಾನೆಯವರು ಒಂದು ಕಾಗದ ಕಳಿಸುತ್ತಾರೆ. ಕಪ್ಪು ವೃತ್ತ, ಅದರ ನಡುಮಧ್ಯದಲ್ಲಿ ಮೂರು ತೂತು. ಮೂರನ್ನೂ ಒಂದೇ ನಾಣ್ಯದಿಂದ ಮುಚ್ಚಬಹುದು. ಈ ಬಂದೂಕನ್ನು ನಾವು ಹೊಡೆದು ನೋಡಿದ್ದೇವೆ, ಗುರಿ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿ, ಮೂಲೆಯಲ್ಲಿ ಪರೀಕ್ಷಕನ ಮೊಹರೂ ಇರುತ್ತದೆ. ಯಾವೊರ್ಕಾದಲ್ಲಿ ಉಳಿದವರ ಬಂದೂಕುಗಳೆಲ್ಲ ಅಪ್ಪ ಅಜ್ಜಂದಿರ ಕಾಲದವಾದ್ದರಿಂದ ಇಂಥ ಕಾಗದವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ವೆಂಡೆಲಿನ್ ಅದಕ್ಕೆ ಚೌಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ಮದುವೆ ಫೋಟೋದ ಪಕ್ಕ ತೂಗುಹಾಕಿದ. ಚೌಕಟ್ಟು ಸ್ವಲ್ಪ ಚಿಕ್ಕದಾಗಿ ಮೊಹರು ಅದರ ಅಡಿಗೆ ಹೋಯಿತು. ಚೌಕಟ್ಟು ಚಿಕ್ಕದಾದದ್ದು ಬಡಗಿಯ ತಪ್ಪೆಂದೇ ನಾವೂ ನಂಬೋಣ.

ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಹೆಡ್ವಿಕಾ ಉಪ್ಪು ಕೇಳುವ ನೆಪದಲ್ಲಿ ಒಳಗೆ ಬಂದಳು. ಹೆಡ್ವಿಕಾಳ ಕಿವಿಗೆ ಬಿದ್ದ ಸುದ್ದಿ ರೈಲಿಗಿಂತ ಮೊದಲು ಮುಂದಿನ ಸ್ಟೇಷನ್ ಮುಟ್ಟುತ್ತಿತ್ತು. ಆಗ ವೆಂಡೆಲಿನ್ ಬಾಯಲ್ಲಿ ಒಂದಿಡೀ ಕಡುಬು ಇತ್ತು. ಒಲೆಯ ಕಡೆಯಿಂದ ಅಪೊಲೆನಾ, ಇನ್ನೊಂದು ಕಡುಬು ಹಾಕಲೇ ಎಂದು ಕೇಳಿದಳು. ಅದೇ ಉಸಿರಿನಲ್ಲಿ ಹೆಡ್ವಿಕಾ ಗೋಡೆಯ ಕಡೆ ಕೈ ತೋರಿಸಿ, ಈ ಮೂರು ಗುಂಡೂ ನೀನೇ ಹೊಡೆದದ್ದಾ ಎಂದು ಕೇಳಿದಳು. ವೆಂಡೆಲಿನ್ ತಲೆ ಆಡಿಸಿದ. ಅವನು ಆಡಿಸಿದ್ದು ಕಡುಬಿಗೆ.

ಕಡುಬು ತಟ್ಟೆಗೆ ಬಂತು, ಕೀರ್ತಿ ಬಾಗಿಲು ದಾಟಿತು. ಬಾಯಲ್ಲಿದ್ದದ್ದು ಗಂಟಲಿನಿಂದ ಇಳಿಯುವ ಹೊತ್ತಿಗೆ ಹೆಡ್ವಿಕಾ ಬೇಲಿಯಾಚೆ ಇದ್ದಳು. ಕೂಗಿ ಕರೆಯಬಹುದಿತ್ತು. ಅವನು ಇನ್ನೊಂದಿಷ್ಟು ಹುಳಿ ಎಲೆಕೋಸು ಬಡಿಸಿಕೊಂಡ.

ಸಂಜೆಯ ಹೊತ್ತಿಗೆ ಸಂಘದ ಅಧ್ಯಕ್ಷ ಸ್ಕೌಮಲ್ ಚೌಕಟ್ಟು ನೋಡಲು ಖುದ್ದಾಗಿ ಬಂದ. ಈ ಸ್ಕೌಮಲ್ ಸಹಕಾರಿ ಡೈರಿಯ ಮೇಲ್ವಿಚಾರಕ. ನಗುವುದನ್ನು ಕೆಲಸ ಮುಗಿದ ಮೇಲೆ ಮಾಡಿದರಾಯಿತೆಂದು ಯಾವಾಗಲೋ ಮುಂದಕ್ಕೆ ಹಾಕಿ, ಆಮೇಲೆ ಮರೆತೇಬಿಟ್ಟಿದ್ದ. ಅವನು ಟೋಪಿ ತೆಗೆದು ಆ ಮೂರು ತೂತುಗಳ ಮುಂದೆ ಚರ್ಚಿನಲ್ಲಿ ನಿಂತಂತೆ ನಿಂತ. ಮೂವತ್ತು ವರ್ಷ ಇಂಥ ಕೈಯನ್ನು ಒಂದು ಕೆಟ್ಟ ಕೋವಿ ಹಾಳುಮಾಡಿತಲ್ಲ ಎಂದು ಮರುಗಿದ. ಬರುವ ಬೇಟೆಯಲ್ಲಿ ಹಂದಿ ದಾಟುವ ಹಳ್ಳದ ಬಾಯಿಯನ್ನು ವೆಂಡೆಲಿನ್‌ಗೇ ಬಿಟ್ಟುಕೊಡುವುದಾಗಿ ಹೇಳಿ ಹೋದ. ಆ ಜಾಗದಲ್ಲಿ ಅಲ್ಲಿಯವರೆಗೆ ಸ್ಕೌಮಲ್‌ನೇ ನಿಲ್ಲುತ್ತಿದ್ದ.

ನವೆಂಬರ್‌ನಲ್ಲಿ ಬೇಟೆ ನಡೆಯಿತು. ನಾಯಿಗಳು ಬೊಗಳಿದವು, ಕಾಡು ಸೀಳಿಕೊಂಡು ಒಂದು ದೊಡ್ಡ ಗಂಡುಹಂದಿ ಬಂದು ಹಳ್ಳದ ಬಾಯಿಯಲ್ಲಿ ಅಡ್ಡ ನಿಂತಿತು. ಇಷ್ಟು ಒಳ್ಳೆಯ ಹಂದಿಯನ್ನು ಇಷ್ಟು ಹತ್ತಿರದಲ್ಲಿ ಯಾರೂ ಯಾರಿಗೂ ಒದಗಿಸಿ ಕೊಟ್ಟಿರಲಾರರು. ವೆಂಡೆಲಿನ್ ಬಂದೂಕು ಎತ್ತಿದ, ಗುರಿಯಿಟ್ಟ, ಕಣ್ಣು ಮುಚ್ಚಿತು. ಗುಂಡಿನ ಸದ್ದು ಅಡಗಿದ ಮೇಲೆ ಕಣ್ಣು ಬಿಟ್ಟರೆ, ಎಡಗಡೆಯ ಮರದಿಂದ ಒಂದು ಟೊಂಗೆ ಮುರಿದು ನಿಧಾನವಾಗಿ ಬೀಳುತ್ತಿತ್ತು. ಹಂದಿ ಆ ಟೊಂಗೆಯನ್ನು ನೋಡಿತು, ವೆಂಡೆಲಿನ್‌ನನ್ನು ನೋಡಿತು, ಆಮೇಲೆ ತನ್ನ ಪಾಡಿಗೆ ಹೊರಟುಹೋಯಿತು.

ಎಲ್ಲರೂ ಓಡಿಬಂದರು. ಏನಾಯಿತೆಂದು ಸ್ಕೌಮಲ್ ಕೇಳಿದ. ವೆಂಡೆಲಿನ್ ನಾಲಿಗೆ ಹಳೆಯ ಅಭ್ಯಾಸದಂತೆ ತಾನಾಗಿ ಹೊರಳಿತು.

"ಬಂದೂಕು ಎಡಕ್ಕೆ ಎಳೀತದೆ," ಎಂದ. "ಎರಡು ಗೇಣು."

ತಾತನ ಕೋವಿಯ ಬಗ್ಗೆ ಈ ಮಾತು ಹೇಳಿದಾಗಲೆಲ್ಲ ಜನ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಈ ಸಲ ಹಾಗಾಗಲಿಲ್ಲ. ಸ್ಕೌಮಲ್ ಅಲ್ಲೇ, ಹಳ್ಳದ ಬಾಯಿಯಲ್ಲೇ, ವಿಚಾರ ಮಾಡತೊಡಗಿದ. ಮೂರು ಗುಂಡನ್ನು ಒಂದು ನಾಣ್ಯದಡಿ ಇಟ್ಟ ಮನುಷ್ಯ ಎದುರು ನಿಂತ ಹಂದಿಗೆ ಗುರಿ ತಪ್ಪಲಾರ. ಅದೇ ಬಂದೂಕು ಆಗ ಸರಿಯಿತ್ತು, ಈಗ ಇಲ್ಲ. ಅಂದರೆ ಕಾರ್ಖಾನೆಯ ಮಾಲು ಬಾಳಿಕೆ ಬರುವುದಿಲ್ಲ. ಇಂದು ಹಂದಿ ತಪ್ಪಿತು, ನಾಳೆ ಇದೇ ಬಂದೂಕು ಗಡಿ ಕಾಯುವವರ ಕೈಗೆ ಹೋದರೆ? ಇದನ್ನು ಕೇಳಿ ಬೇಟೆಗಾರರೆಲ್ಲ ಗಂಭೀರರಾದರು. ಬೇಟೆ ಬಂದೂಕು ಗಡಿ ಕಾಯಲು ಯಾಕೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಸಂಘದ ಹೆಸರಿನಲ್ಲಿ ಕಾರ್ಖಾನೆಗೆ ದೂರು ಹೋಯಿತು. ಹೋಗದಂತೆ ತಡೆಯಲು ವೆಂಡೆಲಿನ್ ಮಾಡಿದ ಪ್ರಯತ್ನ ಒಂದೆರಡಲ್ಲ. ಬಹುಶಃ ಚಳಿಗೆ ಹಾಗಾಗಿರಬಹುದೆಂದ, ತೋಟಾ ಹಳೆಯದಿರಬಹುದೆಂದ, ಹಂದಿಯೇ ಬಲಕ್ಕೆ ಸರಿದಿರಬಹುದೆಂದ. ಸ್ಕೌಮಲ್ ಅವನ ಹೆಗಲ ಮೇಲೆ ಕೈಯಿಟ್ಟ. ಇದು ನಿನ್ನೊಬ್ಬನ ಹಂದಿಯ ಪ್ರಶ್ನೆಯಲ್ಲ ಎಂದ. ಕಾರ್ಖಾನೆಯಿಂದ ಉತ್ತರವೂ ಬಂತು. ಡಿಸೆಂಬರ್‌ನಲ್ಲಿ, ಸಂಘದ 'ಕೊನೆಯ ಬೇಟೆ'ಯ ದಿನ, ಆ ಬಂದೂಕಿಗೆ ಮೊಹರು ಹಾಕಿದ ಪರೀಕ್ಷಕನೇ ಬರುತ್ತಾನಂತೆ.

'ಕೊನೆಯ ಬೇಟೆ' ಎಂದರೆ ಕಾಡಿನಲ್ಲಿ ಆಡುವ ಬೇಟೆಯಲ್ಲ. ವರ್ಷದ ಬೇಟೆಯೆಲ್ಲ ಮುಗಿದ ಮೇಲೆ ಬಿಯರ್ ಅಂಗಡಿಯಲ್ಲಿ ನಡೆಯುವ ಔತಣ ಅದು. ಊಟಕ್ಕೆ ಮೊದಲು ಅಲ್ಲಿ ಬೇಟೆಗಾರರ ನ್ಯಾಯಾಲಯ ಕೂರುತ್ತದೆ. ವರ್ಷವಿಡೀ ಬೇಟೆಯ ರೀತಿನೀತಿಗೆ ತಪ್ಪಿ ನಡೆದವರನ್ನು ಕರೆದು ವಿಚಾರಿಸುತ್ತಾರೆ. ತಪ್ಪಿತಸ್ಥ, ಬೇಟೆಯಲ್ಲಿ ಸತ್ತ ಹಂದಿಯ ಮೇಲೆ ಅಡ್ಡ ಮಲಗಬೇಕು, ಬೇಟೆಗತ್ತಿಯ ಒರೆಯಿಂದ ಕುಂಡೆಯ ಮೇಲೆ ಮೂರು ಏಟು ತಿನ್ನಬೇಕು. ಆ ವರ್ಷದ ಪಟ್ಟಿಯಲ್ಲಿ, ಗಾಯದ ರಕ್ತವನ್ನು ಬೇಟೆಗಾರರ ಮಾತಿನಲ್ಲಿ 'ಬಣ್ಣ' ಎನ್ನದೆ ರಕ್ತ ಎಂದೇ ಕರೆದುಬಿಟ್ಟ ಶಾಲಾ ಮಾಸ್ತರನೊಬ್ಬನಿದ್ದ. ಅವನ ನಂತರದ ಆರೋಪಿ ವೆಂಡೆಲಿನ್‌ನ ಬಂದೂಕು.

ಆ ದಿನ ಬೆಳಗಿನ ರೈಲಿನಿಂದ ಒಬ್ಬನೇ ಒಬ್ಬ ಇಳಿದ. ಸಣಕಲು ಆಳು, ಮೊಣಕಾಲಿನವರೆಗೆ ಕೋಟು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಕೆಂಪು ಟೋಪಿ ಹಾಕಿಕೊಂಡು ನಿಂತಿದ್ದ ಸ್ಟೇಷನ್ ಮಾಸ್ತರನ ಹತ್ತಿರ ಬಂದು, ತನ್ನ ಹೆಸರು ದೊಬೆಶ್, ಬಂದೂಕಿನ ಕಾರ್ಖಾನೆಯವನು, ಕೌಡೆಲಾ ಎಂಬವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದ.

"ಅವರಾ," ಎಂದ ವೆಂಡೆಲಿನ್. "ನೋಡಿದೀನಿ."

"ತುಂಬಾ ಜೋರಿನವರಾ?"

"ಅಂಥಾ ಜೋರೇನಿಲ್ಲ."

ದೊಬೆಶ್ ಬೆಂಚಿನ ಮೇಲೆ ಕುಳಿತ. ಅಪರಿಚಿತ ಊರಿನಲ್ಲಿ ಟೋಪಿ ಹಾಕಿದ ಮನುಷ್ಯ ಸಿಕ್ಕಿದ ಮೇಲೆ ಅವನ ಬಾಯಿ ಬಿಚ್ಚಿಕೊಂಡಿತು. ಹಿಂದೆ ಒಮ್ಮೆ ಅವನ ಮೇಲೆ ದೂರು ಬಂದಿತ್ತಂತೆ. ಯಾರೋ ಪುಣ್ಯಾತ್ಮ ಕೆಸರಿನಲ್ಲಿ ಹೂತ ಗಾಡಿಯನ್ನು ಬಂದೂಕಿನ ನಳಿಗೆಯಿಂದ ಮೀಟಿ ಎತ್ತಿ, ಗುರಿ ಸರಿಯಿಲ್ಲವೆಂದು ವಾಪಸು ಕಳಿಸಿದ್ದನಂತೆ.

"ಈ ಸಲ ದೂರು ನಿಜ ಅಂತಾದ್ರೆ ಮೊಹರು ಕಿತ್ಕೋತಾರೆ, ಮಾಸ್ತರೇ," ಎಂದ. "ಗೋದಾಮಿಗೆ ಹಾಕ್ತಾರೆ, ಪೆಟ್ಟಿಗೆ ಎಣಿಸೋಕೆ. ನನ್ನ ಮೊಹರು ಬಿದ್ದ ಬಂದೂಕು ಎಡಕ್ಕೆ ಎಳೆಯೋದಾ? ನಿದ್ದೇನೇ ಬಂದಿಲ್ಲ ನಂಗೆ."

ವೆಂಡೆಲಿನ್ ಕೆಂಪು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಕೌಡೆಲಾ ನಾನೇ ಎಂದು ನೆಲ ನೋಡುತ್ತಾ ಹೇಳಿ, ಊಟಕ್ಕೆ ಮನೆಗೆ ಕರೆದುಕೊಂಡು ಹೋದ. ಮನೆಗೆ ಕರೆಯುವಾಗ ಅಡುಗೆಮನೆಯ ಗೋಡೆ ಅವನಿಗೆ ನೆನಪಿಗೆ ಬರಲಿಲ್ಲ. ನೆನಪು ಬಂದದ್ದು ದೊಬೆಶ್ ಆ ಗೋಡೆಗೆ ಎದುರಾಗಿ ಕುಳಿತ ಮೇಲೆ.

ದೊಬೆಶ್ ಕೈ ತೊಳೆಯಲು ಹೋಗಿ ಹಾಗೇ ವಾಪಸು ಬಂದಿದ್ದ, ಸ್ನಾನದ ತೊಟ್ಟಿಯಲ್ಲಿ ದೊಡ್ಡ ಗೆಂಡೆಮೀನು ಈಜುತ್ತಿದೆಯಲ್ಲ ಎಂದು. ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಹಬ್ಬದೂಟಕ್ಕೆ ಕೊಯ್ಯುವ ದಿನದವರೆಗೆ ಅದನ್ನು ತೊಟ್ಟಿಯಲ್ಲೇ ಜೀವಂತ ಇಡುವುದು ಎಂದಳು ಅಪೊಲೆನಾ. ಸೂಪು ಬಡಿಸುತ್ತಾ ಅವನ ಕಣ್ಣು ಗೋಡೆಯ ಮೇಲೆ ನಿಂತದ್ದನ್ನು ಕಂಡಳು.

"ಅದಾ? ಇವರೇ ಹೊಡೆದದ್ದು ಅಂತ ಊರೆಲ್ಲಾ ಹೇಳ್ತದೆ," ಎಂದಳು.

ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವನಿಗೆ ತನ್ನ ಕೈಕೆಲಸ ತಿಳಿಯದೆ ಇರುತ್ತದೆಯೇ? ದೊಬೆಶ್ ಚಮಚ ಕೆಳಗಿಟ್ಟ. ಚೌಕಟ್ಟು ನೋಡಿದ. ಆಮೇಲೆ ವೆಂಡೆಲಿನ್‌ನನ್ನು ನೋಡಿದ. ವೆಂಡೆಲಿನ್ ತನ್ನ ಸೂಪಿನೊಳಗೆ ಏನೋ ಬಿದ್ದುಹೋದವನ ಹಾಗೆ ತಟ್ಟೆಯ ತಳ ನೋಡುತ್ತಿದ್ದ. ಆಗ ದೊಬೆಶ್ ಒಂದು ಮಾತು ಹೇಳಿಬಿಟ್ಟಿದ್ದರೆ ಅವನ ಮೊಹರೂ ಉಳಿಯುತ್ತಿತ್ತು, ಈ ಕಥೆಯೂ ಮುಗಿಯುತ್ತಿತ್ತು. ಆದರೆ ಅವನು ಆ ಮನೆಯ ಸೂಪು ಕುಡಿಯುತ್ತಿದ್ದ, ಎದುರಿಗೆ ಆ ಮನೆಯ ಹೆಂಗಸು ನಿಂತಿದ್ದಳು.

"ಚೆನ್ನಾಗಿ ಹೊಡೆದಿದ್ದಾರೆ," ಎಂದಷ್ಟೇ ಹೇಳಿ ಅವನು ಚಮಚ ಎತ್ತಿಕೊಂಡ.

ವೆಂಡೆಲಿನ್‌ಗೆ ಆ ಸೂಪು ಬೇಡವಾಯಿತು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಬೈದಿದ್ದರೆ ತಿಂದು ಅರಗಿಸಿಕೊಳ್ಳುತ್ತಿದ್ದ.

ಮಧ್ಯಾಹ್ನ ಊರ ಹೊರಗಿನ ಕಲ್ಲುಕ್ವಾರಿಯಲ್ಲಿ ಬಂದೂಕಿನ ಪರೀಕ್ಷೆ. ಸಂಘವೆಲ್ಲ ಹಸಿರು ಕೋಟು ತೊಟ್ಟು ಸಾಲಾಗಿ ನಿಂತಿತ್ತು. ಹೆಂಗಸರೂ ಬಂದಿದ್ದರು. ದೊಬೆಶ್, ಕಾರ್ಖಾನೆಯಲ್ಲಾದರೆ ಬಂದೂಕನ್ನು ಅಲುಗಾಡದಂತೆ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಬೆಂಚಿನ ಮೇಲಿಟ್ಟು ಹೊಡೆಯುತ್ತೇವೆ, ಇಲ್ಲೂ ಅಂಥದ್ದೊಂದು ಮಾಡಿಕೊಂಡರೆ ಒಳ್ಳೆಯದು ಎಂದು ಮೆಲ್ಲಗೆ ಹೇಳಿ ನೋಡಿದ. ಬೇಟೆಗಾರ ಕಾಡಿಗೆ ಬೆಂಚು ಹೊತ್ತುಕೊಂಡು ಹೋಗುತ್ತಾನೆಯೇ ಎಂದು ಸ್ಕೌಮಲ್ ಕೇಳಿದ. ಇದು ಬಹಳ ದೊಡ್ಡ ಮಾತೆಂದು ಎಲ್ಲರಿಗೂ ಅನ್ನಿಸಿತು.

ಮೊದಲು ಹೊಡೆದವನು ಸ್ಕೌಮಲ್. ಅವನು ನಿಜಕ್ಕೂ ಒಳ್ಳೆಯ ಗುರಿಕಾರ. ಬಂದೂಕು ಎರಡು ಗೇಣು ಎಡಕ್ಕೆ ಎಳೆಯುತ್ತದೆಂದು ಗೊತ್ತಿತ್ತಲ್ಲ, ಹಾಗಾಗಿ ಅವನು ನಡುಗುರಿಯಿಂದ ಎರಡು ಗೇಣು ಬಲಕ್ಕೆ ಗುರಿಯಿಟ್ಟ. ಗುಂಡು ಹೋಗಿ ಸರಿಯಾಗಿ ಎರಡು ಗೇಣು ಬಲಕ್ಕೆ ಕೂತಿತು.

ಜನ ಬೆಚ್ಚಿದರು. ಎಡಕ್ಕೆ ಎಳೆಯುತ್ತಿದ್ದದ್ದು ಈಗ ಬಲಕ್ಕೆ ತಿರುಗಿದೆ. ಹಾಗಾದರೆ ಎಂದು ಮುಂದಿನವನು ಎರಡು ಗೇಣು ಎಡಕ್ಕೆ ಗುರಿಯಿಟ್ಟ, ಗುಂಡು ಎರಡು ಗೇಣು ಎಡಕ್ಕೇ ಹೋಯಿತು. ಮೂರನೆಯವನಿಗೆ ಎಡ ಬಲ ಎರಡರ ಮೇಲೂ ನಂಬಿಕೆ ಹೋಗಿತ್ತು, ಅವನು ಮೇಲಕ್ಕೆ ಇಟ್ಟ. ನಾಲ್ಕನೆಯವನು ಕೆಳಕ್ಕೆ. ಬಂದೂಕು ಒಬ್ಬೊಬ್ಬರ ಮಾತನ್ನೂ ವಿಧೇಯ ಸೊಸೆಯಂತೆ ನಡೆಸಿಕೊಟ್ಟಿತು. ಇಷ್ಟು ನಂಬಿಗಸ್ತ ಬಂದೂಕು ಆ ಜಿಲ್ಲೆಯಲ್ಲೇ ಇರಲಿಲ್ಲ. ಕೊನೆಗೆ ನೋಡಿದರೆ ಕಾಗದದ ಸುತ್ತೆಲ್ಲ ತೂತು, ನಡುವೆ ಮಾತ್ರ ಒಂದು ಗೀರೂ ಇಲ್ಲ.

"ನೀವು ನಡುಗುರಿಗೇ ಇಟ್ಟು ಒಂದ್ಸಲ..." ಎಂದು ದೊಬೆಶ್ ಬಾಯಿ ತೆರೆದ.

"ಆರೋಪಿ ಕಡೆಯವರು ಮಾತಾಡೋ ಹಾಗಿಲ್ಲ," ಎಂದ ಸ್ಕೌಮಲ್.

ಕಟ್ಟಕಡೆಗೆ ವೆಂಡೆಲಿನ್‌ನನ್ನೂ ನಿಲ್ಲಿಸಿದರು. ಅವನು ಕಣ್ಣು ಮುಚ್ಚಿ ಹೊಡೆದ. ಗುಂಡು ಕಾಗದದ ಮೇಲೆ ಎಲ್ಲೂ ಕಾಣಲಿಲ್ಲ. ಅಂಥ ಗುರಿಕಾರನ ಗುಂಡು ಕಾಗದ ತಪ್ಪುವುದುಂಟೆ, ಯಾವುದೋ ಹಳೆಯ ತೂತಿನೊಳಗೇ ನುಸುಳಿ ಹೋಗಿರಬೇಕು ಎಂದಳು ಹೆಡ್ವಿಕಾ. ಅಲ್ಲಿದ್ದವರು ಹೌದೆಂದರು.

ಸಂಜೆ ಬಿಯರ್ ಅಂಗಡಿಯಲ್ಲಿ ನ್ಯಾಯಾಲಯ ಕೂತಿತು. ಶಾಲಾ ಮಾಸ್ತರ ರಕ್ತವೆಂದದ್ದಕ್ಕೆ ಮೂರು ಏಟು ತಿಂದು ಎದ್ದ. ಅವನು ಮಲಗಿದ್ದ ಹಂದಿ, ಹಿಂದಿನ ದಿನ ಬೆಳಿಗ್ಗೆ ಸ್ಕೌಮಲ್ ತನ್ನ ಅಪ್ಪನ ಕೋವಿಯಿಂದ ಹೊಡೆದದ್ದು, ಮೇಜಿನ ಮುಂದೆ ಹಾಗೇ ಬಿದ್ದಿತ್ತು. ಆಮೇಲೆ ಬಂದೂಕನ್ನು ಮೇಜಿನ ಮೇಲೆ ಮಲಗಿಸಿದರು. ಸ್ಕೌಮಲ್ ಎದ್ದು ನಿಂತು, ಒಂದೇ ಕಡೆಗೆ ತಪ್ಪುವ ಬಂದೂಕನ್ನು ಕ್ಷಮಿಸಬಹುದು, ನಾಲ್ಕೂ ಕಡೆಗೆ ತಪ್ಪುವ ಇದಕ್ಕೆ ಗುಣವೇ ಇಲ್ಲ ಎಂದ. ನಾಳೆಯೇ ಈ ತೀರ್ಪು ಕಾರ್ಖಾನೆಗೆ ಹೋಗುತ್ತದೆ, ಈ ಮೊಹರು ಹಾಕಿದವರ ಬಗ್ಗೆ ಕಾರ್ಖಾನೆ ತಕ್ಕ ಕ್ರಮ ಕೈಗೊಳ್ಳಲಿ ಎಂದ. ಕೊನೆಯ ಬೆಂಚಿನಲ್ಲಿ ದೊಬೆಶ್ ತನ್ನ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎದುರಿಗಿದ್ದ ಬಿಯರನ್ನು ಅವನು ಮುಟ್ಟಿರಲಿಲ್ಲ. ಗೋಡೆಯ ಮೇಲಿನ ಕಾಗದದ ವಿಷಯವನ್ನು ಈಗಲೂ ಬಾಯಿಬಿಡಲಿಲ್ಲ.

ವೆಂಡೆಲಿನ್ ಎದ್ದು ನಿಂತ. ಅಡುಗೆಯ ಕಡೆಯ ಬಾಗಿಲಲ್ಲಿ ಅಪೊಲೆನಾ ಹಂದಿಮಾಂಸದ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಕಡೆ ನೋಡದೆ ಅವನು ಹೇಳಿದ:

"ಬಂದೂಕು ಸರಿಯಾಗಿದೆ. ನಾನು ಕಣ್ಣು ಮುಚ್ಕೋತೀನಿ. ಮೊದಲಿಂದಲೂ. ತಾತನ ಕೋವೀನೂ ಸರಿಯಾಗೇ ಇತ್ತು. ಆ ಗೋಡೆ ಮೇಲಿನ ಕಾಗದ ನಾನು ಹೊಡೆದದ್ದಲ್ಲ, ಇವರು ಹೊಡೆದದ್ದು."

ಸ್ಕೌಮಲ್‌ನ ಕಣ್ಣಲ್ಲಿ ನೀರು ನಿಂತಿತು.

"ನೋಡಿ ಇವನನ್ನ," ಎಂದ. "ಒಬ್ಬ ಬಡಪಾಯಿ ಕೆಲಸ ಉಳಿಸೋಕೆ ತನ್ನ ಹೆಸರಿಗೇ ಮಸಿ ಬಳ್ಕೋತಿದ್ದಾನೆ. ಇದು ಬೇಟೆಗಾರನ ಗುಣ."

ಚಪ್ಪಾಳೆ ಬಿತ್ತು. ವೆಂಡೆಲಿನ್ ಇಲ್ಲ ಇಲ್ಲ ಎಂದಷ್ಟೂ ಚಪ್ಪಾಳೆ ಜೋರಾಯಿತು. ಯಾರೋ ಅವನ ಆರೋಗ್ಯಕ್ಕೆಂದು ಲೋಟ ಎತ್ತಿದರು. ಹೆಡ್ವಿಕಾ ಅತ್ತೇಬಿಟ್ಟಳು. ಸುಳ್ಳು ಹೇಳಿದಾಗ ಊರು ಒಂದೇ ಮಾತಿಗೆ ನಂಬಿತ್ತು, ನಿಜಕ್ಕೆ ಅಲ್ಲಿ ಗಿರಾಕಿಯೇ ಇರಲಿಲ್ಲ. ಸ್ಕೌಮಲ್ ತೀರ್ಪಿಗೆ ರುಜು ಹಾಕಲು ಪೆನ್ನು ತೆಗೆದ.

ಅಪೊಲೆನಾ ಸಾರಿನ ಪಾತ್ರೆಯನ್ನು ತಂದು ಆ ತೀರ್ಪಿನ ಮೇಲೇ ಇಟ್ಟಳು.

"ಅವನು ಹೇಳಿದ್ದು ನಿಜ," ಎಂದಳು. "ಮೂವತ್ತು ಕ್ರಿಸ್‌ಮಸ್ ಆಯ್ತು, ಮೀನು ಕೊಯ್ಯೋ ದಿನ ಬಂತು ಅಂದ್ರೆ ಇವನಿಗೆ ಹಿತ್ತಲಲ್ಲಿ ಸೌದೆ ಒಡೆಯೋ ಕೆಲಸ. ಒಂದೇ ಒಂದ್ಸಲ ಚಾಕು ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ತೊಟ್ಟಿ ಅಂಚಿಗೆ ಹೊಡೆದ. ಚಕ್ಕೆ ಎದ್ದ ಗುರುತು ಈಗ್ಲೂ ಇದೆ, ಬೇಕಾದ್ರೆ ಬಂದು ನೋಡಿ."

ಈ ಸಾಕ್ಷ್ಯವನ್ನು ತಳ್ಳಿಹಾಕುವಂತಿರಲಿಲ್ಲ. ಮೀನು ಕೊಯ್ಯುವುದು ಯಾರೆಂಬುದು ಆ ಊರಿನ ಎಲ್ಲ ಮನೆಗಳಲ್ಲೂ ಹೆಂಗಸರು ಹೊರಗೆ ಬಿಡದ ಗುಟ್ಟು. ಹಲವು ಬೇಟೆಗಾರರು ಇದ್ದಕ್ಕಿದ್ದಂತೆ ತಮ್ಮ ಬಿಯರಿನ ನೊರೆ ನೋಡತೊಡಗಿದರು.

"ಗೊತ್ತಿದ್ದೂ ಬಂದೂಕು ಯಾಕೆ ಕೊಡಿಸಿದ್ರಿ, ತಾಯಿ?" ಎಂದ ಸ್ಕೌಮಲ್. ಅವನ ದನಿ ಬಿದ್ದುಹೋಗಿತ್ತು.

"ದಿನಾ ತಾತನ್ನ ಬೈತಿದ್ದ. ಸತ್ತವರ ಮೇಲೆ ಯಾಕೆ ತಪ್ಪು ಹೊರಿಸ್ಬೇಕು? ಕಾರ್ಖಾನೆದಾದ್ರೆ ಎಷ್ಟು ಬೇಕಾದ್ರೂ ಬೈಲಿ, ಅದರ ಹಿಂದೆ ಯಾರೂ ಇರಲ್ಲ, ಯಾರಿಗೂ ನೋವಾಗಲ್ಲ ಅಂದ್ಕೊಂಡೆ." ಅವಳು ಕೊನೆಯ ಬೆಂಚಿನ ಕಡೆ ತಿರುಗಿದಳು. "ನೀವೊಬ್ರು ಇದ್ದೀರಿ ಅಂತ ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

ದೊಬೆಶ್ ಎದ್ದು ನಿಂತು ಅವಳಿಗೆ ತಲೆ ಬಾಗಿಸಿದ. ಮತ್ತೆ ಕುಳಿತು, ಎದುರಿಗಿದ್ದ ಬಿಯರನ್ನು ಒಂದು ಗುಟುಕು ಕುಡಿದ. ವೆಂಡೆಲಿನ್ ಹೆಂಡತಿಯ ಮುಖವನ್ನು ಆಗ ನೋಡಿದ. ಮೂವತ್ತು ವರ್ಷ ಅವನು ಬಚ್ಚಿಟ್ಟದ್ದನ್ನು ಅವಳು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದಳು. ಅವನಿಗೆ ಸಂತೋಷವೂ ಆಯಿತು, ಸಾಯುವಷ್ಟು ನಾಚಿಕೆಯೂ ಆಯಿತು.

ನ್ಯಾಯಾಲಯ ಮತ್ತೆ ಕೂತಿತು. ಬಂದೂಕು ನಿರ್ದೋಷಿ ಎಂದು ಬಿಡುಗಡೆಯಾಯಿತು. ವೆಂಡೆಲಿನ್‌ಗೆ ಮೂರು ಏಟು. ಹೊಡೆಯುವ ಹಕ್ಕು ಅನ್ಯಾಯಕ್ಕೆ ಒಳಗಾದವನದು ಎಂದು ಸ್ಕೌಮಲ್ ಬೇಟೆಗತ್ತಿಯ ಒರೆಯನ್ನು ದೊಬೆಶ್ ಕೈಗೆ ಕೊಟ್ಟ. ವೆಂಡೆಲಿನ್ ಹಂದಿಯ ಮೇಲೆ ಅಡ್ಡ ಮಲಗಿದ. ಎಲ್ಲರೂ ಟೋಪಿ ತೆಗೆದರು.

ದೊಬೆಶ್ ಒರೆ ಎತ್ತಿದ. ಮೊದಲನೆಯ ಏಟು ಹಂದಿಗೆ ಬಿತ್ತು. ಎರಡನೆಯದೂ ಹಂದಿಗೇ. ಮೂರನೆಯದು ಮೇಜಿಗೆ ತಗುಲಿ ಸ್ಕೌಮಲ್‌ನ ಬಿಯರ್ ಲೋಟ ಉರುಳಿತು.

ವೆಂಡೆಲಿನ್ ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ ಮೇಲೆ ನೋಡಿದ.

"ಕಣ್ಣು ಮುಚ್ಕೊಂಡ್ರಾ?" ಎಂದು ಮೆಲ್ಲಗೆ ಕೇಳಿದ.

"ಯಾವಾಗ್ಲೂ," ಎಂದ ದೊಬೆಶ್, ಅಷ್ಟೇ ಮೆಲ್ಲಗೆ. "ಅದಕ್ಕೇ ಅಲ್ವಾ, ಕಾರ್ಖಾನೇಲಿ ನಂಗೆ ಆ ಕಬ್ಬಿಣದ ಹಿಡಿಕೆ ಕೊಟ್ಟಿರೋದು."